ಬೌಹೌಸ್ ನೇಯ್ಗೆಯ ಸಂಶೋಧನೆ: ಯಾವ ಚೀಟಿಯನ್ನು ನಂಬಬೇಕು?

ಪ್ರಶ್ನೆ: ಬೆಂಗಳೂರಿನಲ್ಲಿ ಜವಳಿ ವಿನ್ಯಾಸದ ಪಿಎಚ್.ಡಿ ಶುರು ಮಾಡಿದ್ದೇನೆ. ವಿಷಯ, ಜರ್ಮನಿಯ ಬೌಹೌಸ್ ಎಂಬ ಕಲೆ ಮತ್ತು ವಿನ್ಯಾಸ ಶಾಲೆಯ ನೇಯ್ಗೆ ಕಾರ್ಯಾಗಾರ. ಮಗ್ಗದ ಕೆಲಸ ಗೊತ್ತು, ಆರ್ಕೈವ್ ಕೆಲಸ ಗೊತ್ತಿಲ್ಲ. ಒಂದೇ ಥರದ ಬಟ್ಟೆಗೆ ಒಂದೊಂದು ಮ್ಯೂಸಿಯಂ ಒಂದೊಂದು ಹೆಸರು, ಒಂದೊಂದು ಇಸವಿ ಕೊಟ್ಟಿದೆ. ಯಾವುದನ್ನು ನಂಬಲಿ? ಹತ್ತು ದಿನ ಜರ್ಮನಿಗೆ ಹೋಗುವ ಅವಕಾಶವಿದೆ. ಅಲ್ಲಿ ಏನು ನೋಡಲಿ, ಇಲ್ಲೇ ಕೂತು ಏನು ಮಾಡಲಿ?

ಉತ್ತರ: ಬಟ್ಟೆಯೂ ಕಾಗದವೂ ಒಂದೇ ಮಾತು ಹೇಳುವವರೆಗೆ ಮ್ಯೂಸಿಯಂ ಬಟ್ಟೆಗೆ ಹಚ್ಚಿದ ಯಾವ ವಿವರದ ಚೀಟಿಯನ್ನೂ ಪೂರ್ತಿ ನಂಬಬೇಡಿ. ಮ್ಯೂಸಿಯಂನವರು ತಪ್ಪು ಬರೆಯುತ್ತಾರೆಂದು ಹೀಗೆ ಹೇಳುತ್ತಿಲ್ಲ. ಈ ಬಟ್ಟೆಗಳಿಗೆ ಮೂರು ಇಸವಿಗಳಿರಬಹುದು: ವಿನ್ಯಾಸ ಮಾಡಿದ್ದು, ನೇಯ್ದದ್ದು, ಯಾರೋ ನೆನಪಿನಿಂದ ಚೀಟಿ ಬರೆದದ್ದು. ಬೌಹೌಸ್‌ನ ನೇಕಾರ್ತಿ ಆನಿ ಆಲ್ಬರ್ಸ್ ಅವರ ‘ಕಪ್ಪು, ಬಿಳಿ, ಹಳದಿ’ ತೂಗುಬಟ್ಟೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ವಿನ್ಯಾಸ 1926ರದು. ಆದರೆ ಅಲ್ಲಿರುವ ಬಟ್ಟೆಯನ್ನು 1960ರ ದಶಕದಲ್ಲಿ ಅದೇ ಕಾರ್ಯಾಗಾರದ ಗುಂಟಾ ಷ್ಟೋಲ್ಟ್ಸಲ್ ಮತ್ತೆ ನೇಯ್ದುಕೊಟ್ಟರು. ಅದರ ನೂಲು ಪರೀಕ್ಷಿಸಿ ‘1926ರಲ್ಲಿ ಕಾರ್ಯಾಗಾರ ಇಂಥ ನೂಲು ಬಳಸುತ್ತಿತ್ತು’ ಎಂದು ಬರೆದರೆ ನಲವತ್ತು ವರ್ಷ ಆಚೆಯ ನೂಲಿನ ಬಗ್ಗೆ ಬರೆದಂತಾಗುತ್ತದೆ. ಚೀಟಿಯಲ್ಲಿ ಎರಡು ಇಸವಿಗಳ ನಡುವೆ ಓರೆಗೆರೆ ಕಂಡರೆ ಮೊದಲು ಇದನ್ನೇ ಕೇಳಿ. ಒಂದೇ ಇಸವಿ ಇದ್ದರೂ ಕೇಳಿ.

ಕಾರ್ಯಾಗಾರದ ಕಾಲಕ್ರಮ ಬಾಯಿಪಾಠವಾಗಲಿ, ಉಳಿದದ್ದೆಲ್ಲ ಅದರ ಮೇಲೇ ನಿಲ್ಲುತ್ತದೆ. ಶಾಲೆ 1919ರಲ್ಲಿ ವೈಮಾರ್‌ನಲ್ಲಿ ಹುಟ್ಟಿತು. ಅಲ್ಲಿ ಮಗ್ಗದ ತಾಂತ್ರಿಕ ಗುರು ಹೆಲೆನೆ ಬೋರ್ನರ್, ರೂಪದ, ಅಂದರೆ ವಿನ್ಯಾಸದ ಗುರು ಗೇಯೋರ್ಗ್ ಮುಖೆ. ಷ್ಟೋಲ್ಟ್ಸಲ್ ಮತ್ತು ಬೆನಿಟಾ ಓಟೆ ಕ್ರೇಫೆಲ್ಡ್‌ಗೆ ಹೋಗಿ ಬಣ್ಣಗಾರಿಕೆ ಕಲಿತು ಬಂದರು. 1925ರಲ್ಲಿ ಶಾಲೆ ಡೆಸ್ಸೌಗೆ ಹೋಯಿತು. 1927ರಿಂದ 1931ರವರೆಗೆ ಷ್ಟೋಲ್ಟ್ಸಲ್ ಅವರೇ ವಿಭಾಗದ ಮುಖ್ಯಸ್ಥೆ. 1928ರಲ್ಲಿ ಹಾನೆಸ್ ಮಾಯರ್ ನಿರ್ದೇಶಕರಾದ ಮೇಲೆ ಕೆಲಸ ತೂಗುಬಟ್ಟೆಗಳಿಂದ ಕಾರ್ಖಾನೆ ನೇಯಬಹುದಾದ ಪರದೆ, ಕುರ್ಚಿ ಬಟ್ಟೆಗಳ ಕಡೆ ತಿರುಗಿತು. 1932ರಲ್ಲಿ ವಿಭಾಗ ನಡೆಸಲು ಲಿಲ್ಲಿ ರೈಶ್ ಬಂದರು. 1933ರಲ್ಲಿ ಶಾಲೆ ಮುಚ್ಚಿತು.

ನಮ್ಮ ಕಣ್ಣಿಗೆ ಹೆಚ್ಚು ಬೀಳುವುದು ಈ ಕತೆಯ ಮೊದಲರ್ಧ ಮಾತ್ರ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 1938ರಲ್ಲಿ ನಡೆಸಿದ ದೊಡ್ಡ ಪ್ರದರ್ಶನ ಸ್ಥಾಪಕ ಗ್ರೋಪಿಯಸ್ ಶಾಲೆ ಬಿಟ್ಟ 1928ಕ್ಕೇ ನಿಂತುಬಿಟ್ಟಿತ್ತು. ಮಾಯರ್ ಕಾಲದ ಕೈಗಾರಿಕಾ ಬಟ್ಟೆಗಳು, ಕಾರ್ಯಾಗಾರದ ನೇಕಾರ್ತಿ ಓಟಿ ಬೆರ್ಗರ್ ಅವರ ಮುಖ್ಯ ಕೆಲಸ, ಎಲ್ಲವೂ ಆ ಗೆರೆಯಾಚೆ ಉಳಿದವು. ನಿಮ್ಮ ಪ್ರಬಂಧಕ್ಕೆ ಜಾಗ ಇರುವುದು ಅಲ್ಲೇ ಎಂದು ನನ್ನ ಅಭಿಪ್ರಾಯ. ತೂಗುಬಟ್ಟೆಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಅಂಗೈ ಅಗಲದ ಸ್ಯಾಂಪಲ್ ತುಣುಕುಗಳನ್ನು ನೇಯ್ಗೆ ಬಲ್ಲವರು ಕೂತು ಓದಿದ್ದು ಕಡಿಮೆ.

ಹೊರಡುವ ಮುನ್ನ ಇಲ್ಲೇ ಮಾಡಬೇಕಾದ್ದು

ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಒಂದು ತುಣುಕಿಗೆ ಒಂದು ಸಾಲು. ಸಂಗ್ರಹಾಲಯ, ದಾಖಲೆ ಸಂಖ್ಯೆ, ಅಳತೆ, ಅವರು ಬರೆದ ನೂಲಿನ ಹೆಸರು, ಅವರು ಕೊಟ್ಟ ಇಸವಿ, ಯಾರಿಂದ ಯಾವ ವರ್ಷ ಬಂತು, ಹಿಂಬದಿಯ ಚಿತ್ರ ಇದೆಯೇ ಇಲ್ಲವೇ, ಇಷ್ಟು ಕಾಲಂ ಸಾಕು. ಹಾರ್ವರ್ಡ್‌ನ ಬುಷ್-ರೈಸಿಂಗರ್ ಮ್ಯೂಸಿಯಂನಲ್ಲಿ 30,000ಕ್ಕೂ ಹೆಚ್ಚು ಬೌಹೌಸ್ ವಸ್ತುಗಳಿವೆ. ಬೆರ್ಗರ್ ಅವರ ಸ್ಯಾಂಪಲ್‌ಗಳು, ಆಲ್ಬರ್ಸ್ ಅವರ 1926ರ ಮೂರು ಪದರದ ರೇಷ್ಮೆ ತೂಗುಬಟ್ಟೆ ಎರಡೂ ಅಲ್ಲಿವೆ, ಆನ್‌ಲೈನ್ ಹುಡುಕಾಟವೂ ಸಲೀಸು. ಅಲ್ಲಿಂದ ಶುರು ಮಾಡಿ ಬರ್ಲಿನ್ನಿನ ಬೌಹೌಸ್ ಆರ್ಕೈವ್, ಡೆಸ್ಸೌ ಪ್ರತಿಷ್ಠಾನ, ವೈಮಾರ್, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಆಲ್ಬರ್ಸ್ ಪ್ರತಿಷ್ಠಾನ ಎಂದು ಮುಂದುವರಿಯಿರಿ.

ಹೆಸರು ಹುಡುಕುವಾಗ ತುಂಬ ಜನ ಎಡವುತ್ತಾರೆ. ಮದುವೆಯ ಮುಂಚಿನ ಕಾಗದಗಳಲ್ಲಿ ಆನಿ ಆಲ್ಬರ್ಸ್ ಎಂದರೆ ಆನೆಲೀಸೆ ಫ್ಲೈಷ್ಮನ್. ಷ್ಟೋಲ್ಟ್ಸಲ್ 1929ರ ನಂತರ ಷರೋನ್-ಷ್ಟೋಲ್ಟ್ಸಲ್, ಎರಡನೇ ಮದುವೆಯ ನಂತರ ಷ್ಟಾಡ್ಲರ್-ಷ್ಟೋಲ್ಟ್ಸಲ್. ಬೆನಿಟಾ ಓಟೆ ಮುಂದೆ ಕೋಖ್-ಓಟೆ ಆದರು. ಜರ್ಮನ್ ಅಕ್ಷರದ ಮೇಲಿನ ಎರಡು ಚುಕ್ಕಿ ಇಟ್ಟು, ಬಿಟ್ಟು, ಚುಕ್ಕಿಯ ಬದಲು ‘ಇ’ (e) ಅಕ್ಷರ ಸೇರಿಸಿ, ಮೂರು ಸಲವೂ ಹುಡುಕಿ. ಪ್ರತಿ ಸಲ ಬೇರೆ ಬೇರೆ ಫಲಿತಾಂಶ ಬರುತ್ತದೆ.

ಬಿಡಿಗಾಸು ಖರ್ಚಿಲ್ಲದೆ ಸಿಗುವ ಮೂಲವೊಂದನ್ನು ವಿನ್ಯಾಸ ವಿದ್ಯಾರ್ಥಿಗಳು ಯಾಕೋ ಮುಟ್ಟುವುದೇ ಇಲ್ಲ. ಅದು ಪೇಟೆಂಟ್ ದಾಖಲೆ. ಬೆರ್ಗರ್ 1930ರ ದಶಕದಲ್ಲಿ ಜರ್ಮನಿಯಲ್ಲೂ ಬ್ರಿಟನ್ನಿನಲ್ಲೂ ತಮ್ಮ ಬಟ್ಟೆಗಳಿಗೆ ಪೇಟೆಂಟ್ ಪಡೆದರು. ಜರ್ಮನ್ ಪೇಟೆಂಟ್ ಪೀಠೋಪಕರಣದ ಎರಡು ಪದರದ ಬಟ್ಟೆಗೆ. ಪೇಟೆಂಟ್ ಪತ್ರದಲ್ಲಿ ನೇಯ್ಗೆಯ ರಚನೆ ಹೇಗೆ, ಯಾವ ಎಳೆ ಎಲ್ಲಿ ಹೋಗುತ್ತದೆ, ಏನು ಪ್ರಯೋಜನ ಎಂದು ಬಿಡಿಸಿ ಬರೆಯಲೇಬೇಕಾಗುತ್ತದೆ. ಕಲಾಕೃತಿಯ ವಿವರಣೆಯಲ್ಲಿ ಈ ಮಟ್ಟದ ನಿಖರತೆ ಎಂದೂ ಸಿಗದು. ಯುರೋಪಿಯನ್ ಪೇಟೆಂಟ್ ಕಚೇರಿಯ ಎಸ್ಪಾಸ್‌ನೆಟ್ ಜಾಲತಾಣದಲ್ಲಿ ಸಂಶೋಧಕರ ಹೆಸರು, ಇಸವಿಯ ವ್ಯಾಪ್ತಿ ಕೊಟ್ಟು ಹುಡುಕಿ. ಶಾಲೆಯೇ 1926ರಿಂದ 1931ರವರೆಗೆ ತಂದ ‘ಬೌಹೌಸ್’ ಪತ್ರಿಕೆಯ ಸಂಚಿಕೆಗಳನ್ನೂ ತಪ್ಪಿಸಬೇಡಿ.

ಕೈಬರಹದ ಟಿಪ್ಪಣಿಗಳಿಗೆ ಇಲ್ಲಿಂದಲೇ ತಯಾರಾಗಿ. ಆ ಕಾಲದ ಹಳೆಯ ಜರ್ಮನ್ ಮೋಡಿ ಬರಹ ಇಂದಿನ ಹೆಚ್ಚಿನ ಜರ್ಮನ್ನರಿಗೇ ಓದಲು ಬರುವುದಿಲ್ಲ. ‘ಇ’ (e) ಮತ್ತು ‘ಎನ್’ (n) ಅಕ್ಷರಗಳು ಒಂದೇ ಥರ ಕಾಣುತ್ತವೆ. ಒಂದು ತಿಂಗಳು ದಿನಕ್ಕೆ ಅರ್ಧ ಗಂಟೆ ಅಕ್ಷರ ತಿದ್ದಿದರೆ ನೂಲಿನ ಹೆಸರು, ಅಂಕಿ, ಬಣ್ಣದ ಹೆಸರು ಓದುವಷ್ಟಾಗುತ್ತದೆ. ಕೈಬರಹ ಓದಿಕೊಡುವ ಟ್ರಾನ್ಸ್‌ಕ್ರಿಬಸ್ ತಂತ್ರಾಂಶ ನೆರವಿಗೆ ಬರುತ್ತದೆ, ಆದರೆ ಅಂಕಿಗಳನ್ನು ನೀವೇ ಮೂಲದ ಜೊತೆ ಹೋಲಿಸಿ.

ಪತ್ರ ಬರೆಯುವುದು

ಮೂರು ತಿಂಗಳು ಮುಂಚೆ ಬರೆಯಿರಿ. ‘ನಿಮ್ಮಲ್ಲಿರುವ ಬೌಹೌಸ್ ಬಟ್ಟೆಗಳನ್ನು ನೋಡಬೇಕು’ ಎಂದರೆ ಉತ್ತರ ಬರುವುದು ಕಷ್ಟ. ದಾಖಲೆ ಸಂಖ್ಯೆ ಕೊಟ್ಟು, ಎಳೆ ಎಣಿಸುತ್ತೇನೆ, ಹಿಂಬದಿಯ ಫೋಟೊ ತೆಗೆಯುತ್ತೇನೆ, ನೂಲು ಕೀಳುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ಬಟ್ಟೆಯನ್ನು ಮಗುಚಿ ತೋರಿಸಲು ಅವರಿಗೆ ಇಬ್ಬರು ಸಿಬ್ಬಂದಿ ಬೇಕಾಗಬಹುದು, ಅದನ್ನು ಮುಂಚೆಯೇ ಕೇಳಿ. ಒಂದು ತುಣುಕು ಸರಿಯಾಗಿ ನೋಡಲು 45 ನಿಮಿಷದಿಂದ ಒಂದು ಗಂಟೆ ಹಿಡಿಯುತ್ತದೆ. ದಿನಕ್ಕೆ ಆರಕ್ಕಿಂತ ಹೆಚ್ಚು ಕೇಳಬೇಡಿ.

ವಸ್ತುವಿನ ಜೊತೆಗೆ ಅದರ ಕಡತವನ್ನೂ ಕೇಳಿ. ಇವೆರಡನ್ನೂ ನೋಡಿಕೊಳ್ಳುವವರು ಬೇರೆ ಬೇರೆ ವಿಭಾಗದವರು, ಒಬ್ಬರಿಗೆ ಬರೆದರೆ ಇನ್ನೊಬ್ಬರಿಗೆ ತಲುಪುವುದಿಲ್ಲ. ದಾನ ಕೊಟ್ಟವರ ಪತ್ರ, ಪ್ರದರ್ಶನಕ್ಕೆ ಕಳಿಸಿದ ದಾಖಲೆ, ತೊಳೆದ ಅಥವಾ ರಿಪೇರಿ ಮಾಡಿದ ವರದಿ ಆ ಕಡತದಲ್ಲಿರುತ್ತವೆ. ‘ಇದು ಬಹುಶಃ ಇಂಥವರದು’ ಎಂದು 1950ರ ದಶಕದ ಪತ್ರದಲ್ಲಿ ಬಂದ ಊಹೆ ಆಮೇಲಿನ ಕ್ಯಾಟಲಾಗಿನಲ್ಲಿ ‘ಬಹುಶಃ’ ಕಳೆದುಕೊಂಡು ನಿಂತಿರುತ್ತದೆ.

ಹತ್ತು ದಿನದಲ್ಲಿ ನಾಲ್ಕು ಊರು ಸುತ್ತುವ ಯೋಜನೆ ಬೇಡ. ಬರ್ಲಿನ್ ಮತ್ತು ಡೆಸ್ಸೌ ಎರಡೇ ಸಾಕು. ಬರ್ಲಿನ್ನಿನ ಬೌಹೌಸ್ ಆರ್ಕೈವ್ ಕಟ್ಟಡ 2018ರಲ್ಲಿ ನವೀಕರಣಕ್ಕಾಗಿ ಮುಚ್ಚಿತು. ನಿಮ್ಮ ತುಣುಕುಗಳು ಈಗ ಯಾವ ಉಗ್ರಾಣದಲ್ಲಿವೆ, ಅಲ್ಲಿಗೆ ಪ್ರವೇಶ ಇದೆಯೇ ಎಂದು ಟಿಕೆಟ್ ಕಾಯ್ದಿರಿಸುವ ಮುನ್ನ ಕೇಳಿ.

ಮೇಜಿನ ಮೇಲೆ ಬಟ್ಟೆ ಬಂದಾಗ

ಪೆನ್ಸಿಲ್, ಗ್ರಾಫ್ ಹಾಳೆ, ಎಳೆ ಎಣಿಸುವ ಭೂತಗನ್ನಡಿ, ಫೋಟೊದ ಬಣ್ಣ ಸರಿಹೊಂದಿಸುವ ಬೂದು ಕಾರ್ಡ್, ಮಿಲಿಮೀಟರ್ ಪಟ್ಟಿ, ಮ್ಯಾಕ್ರೊ ತೆಗೆಯುವ ಕ್ಯಾಮೆರಾ ಇರಲಿ. ಪೆನ್ನು, ಫ್ಲ್ಯಾಶ್ ಎರಡಕ್ಕೂ ಅನುಮತಿ ಇರುವುದಿಲ್ಲ.

ಮೊದಲು ಹಾಸು (ಉದ್ದದ ಎಳೆ) ಯಾವುದು, ಹೊಕ್ಕು (ಅಡ್ಡ ಎಳೆ) ಯಾವುದು ಎಂದು ತೀರ್ಮಾನಿಸಿ. ಅಂಚು ಉಳಿದಿದ್ದರೆ ಪ್ರಶ್ನೆಯೇ ಇಲ್ಲ. ಸ್ಯಾಂಪಲ್ ತುಣುಕುಗಳಲ್ಲಿ ಅಂಚು ಕತ್ತರಿಸಿ ಹೋಗಿರುತ್ತದೆ. ಆಗ ಹಣಿಗೆಯ (ಹಾಸಿನ ಎಳೆಗಳನ್ನು ಹಂಚಿ ಹಿಡಿಯುವ ಮಗ್ಗದ ಬಾಚಣಿಗೆಯ) ಗುರುತು ಹುಡುಕಿ: ಎರಡೆರಡು ಎಳೆ ಜೊತೆಯಾಗಿ ನಂತರ ಕೂದಲೆಳೆಯ ಸಂದಿ ಕಂಡರೆ ಅದು ಹಾಸಿನ ದಿಕ್ಕು. ಹಾಸಿನ ಹುರಿ ಸಾಮಾನ್ಯವಾಗಿ ಬಿಗಿ, ನೂಲು ಸಮ. ಸೆಲೊಫೇನ್ ಪಟ್ಟಿ, ಷೆನಿಲ್ (ಮೈತುಂಬ ಮೆತ್ತನೆ ಜುಂಗಿರುವ ನೂಲು), ಲೋಹದ ಎಳೆಯಂಥವು ಹಣಿಗೆಯ ತಿಕ್ಕಾಟ ತಡೆಯಲಾರವು, ಆದ್ದರಿಂದ ಹೆಚ್ಚಾಗಿ ಹೊಕ್ಕಿನಲ್ಲಿ ಸಿಗುತ್ತವೆ. ಹಾಸು, ಹೊಕ್ಕು ಎರಡನ್ನೂ ಸೆಂಟಿಮೀಟರಿಗೆ ಎಷ್ಟು ಎಳೆ ಎಂದು ಮೂರು ಜಾಗದಲ್ಲಿ ಎಣಿಸಿ. ಮೂರೂ ಅಂಕಿ ಬರೆಯಿರಿ, ಸರಾಸರಿ ಮಾತ್ರ ಬೇಡ. ಹುರಿ ಎಡಕ್ಕೋ ಬಲಕ್ಕೋ, ಎಷ್ಟು ಎಳೆ ಕೂಡಿಸಿ ಹುರಿ ಹಾಕಿದೆ, ಅದನ್ನೂ ಬರೆಯಿರಿ. ಆಮೇಲೆ ವಿನ್ಯಾಸ ಮರುಕಳಿಸುವವರೆಗೆ ಗ್ರಾಫ್ ಹಾಳೆಯಲ್ಲಿ ಹಾಸು ಮೇಲಿದ್ದ ಮನೆಗಳನ್ನು ತುಂಬಿ.

ಇಷ್ಟು ಶ್ರಮಕ್ಕೆ ಫಲವೇನೆಂದರೆ, ಕಾರ್ಯಾಗಾರದ ಬಟ್ಟೆಗಳನ್ನು ಕತ್ತರಿಸಿ ಹಲವರಿಗೆ ಹಂಚಲಾಗಿತ್ತು. ದೇಶ ಬಿಟ್ಟು ಹೋದವರ ಪೆಟ್ಟಿಗೆಯಲ್ಲಿ ಒಂದು ತುಣುಕು, ಶಾಲೆಯಲ್ಲಿ ಒಂದು, ಕಂಪನಿಯ ಸ್ಯಾಂಪಲ್ ಪುಸ್ತಕದಲ್ಲಿ ಒಂದು. ಯಾರ ಪೆಟ್ಟಿಗೆಯಿಂದ ಬಂತೋ ಅವರ ಹೆಸರೇ ಚೀಟಿಗೆ ಏರಿತು. ಎಳೆಯ ಲೆಕ್ಕ, ಹುರಿ, ಹೊಕ್ಕಿನ ಸರದಿ ಮೂರೂ ಒಂದಾದರೆ ಎರಡು ಊರಿನ ಎರಡು ತುಣುಕು ಒಂದೇ ಥಾನಿನವು ಎಂದು ವಾದಿಸಲು ನಿಮ್ಮ ಕೈಯಲ್ಲಿ ಆಧಾರ ಇರುತ್ತದೆ. ಬಣ್ಣ ಹೋಲುತ್ತದೆ ಎಂಬುದು ಆಧಾರವಾಗದು.

ಬಟ್ಟೆಯ ಹಿಂಬದಿ ಯಾಕೆ ಬೇಕು ಎಂಬುದಕ್ಕೆ ಬೆರ್ನೌ ಊರಿನ ಕಾರ್ಮಿಕ ಸಂಘಟನೆಯ ಶಾಲೆಯ ಸಭಾಂಗಣಕ್ಕೆ ಆಲ್ಬರ್ಸ್ ಮಾಡಿದ ಗೋಡೆಬಟ್ಟೆ ನೋಡಿ. 1930ರಲ್ಲಿ ಅವರಿಗೆ ಡಿಪ್ಲೊಮಾ ತಂದದ್ದು ಇದೇ ಬಟ್ಟೆ. ಮುಂಬದಿಯಲ್ಲಿ ಬೆಳಕು ಚೆಲ್ಲುವ ಸೆಲೊಫೇನ್, ಹಿಂಬದಿಯಲ್ಲಿ ಸದ್ದು ಹೀರುವ ಷೆನಿಲ್. ಮುಂಬದಿಯ ಫೋಟೊ ಒಂದನ್ನೇ ನೋಡಿದವರಿಗೆ ಇದು ಮಿನುಗುವ ಬೂದು ಬಟ್ಟೆ, ಅಷ್ಟೇ. ಅದರ ಅರ್ಧ ಕೆಲಸ ನಡೆಯುವುದು ಗೋಡೆಗೆ ತಗುಲಿದ ಬದಿಯಲ್ಲಿ. ಉಳಿದಿರುವುದು ಸ್ಯಾಂಪಲ್‌ಗಳು ಮಾತ್ರ, ಆದ್ದರಿಂದ ಪ್ರತಿ ತುಣುಕಿನ ಎರಡೂ ಮುಖ ಮುಖ್ಯ. ಸೆಲೊಫೇನ್ ಹಳತಾದಂತೆ ಒಳಗಿನ ಗ್ಲಿಸರಿನ್ ಕಳೆದುಕೊಂಡು ಸಿಡಿಯುವಷ್ಟು ಗಡಸಾಗುತ್ತದೆ. ‘ಸ್ವಲ್ಪ ಬಾಗಿಸಿ ತೋರಿಸಿ’ ಎಂದು ಎಂದೂ ಕೇಳಬೇಡಿ.

ನೂಲಿನ ಹೆಸರುಗಳಲ್ಲಿ ಎರಡು ಜಾಗ ಎಚ್ಚರ. ‘ಐಸನ್‌ಗಾರ್ನ್’, ಅಂದರೆ ‘ಕಬ್ಬಿಣದ ನೂಲು’ ಎಂದು ಬರೆದಿದ್ದರೆ ಲೋಹ ಹುಡುಕಬೇಡಿ, ಅದು ಗಂಜಿ ಮತ್ತು ಪ್ಯಾರಾಫಿನ್ ಹಾಕಿ ತಿಕ್ಕಿ ಹೊಳಪೇರಿಸಿದ ಹತ್ತಿ. ಉಕ್ಕಿನ ಕೊಳವೆಯ ಕುರ್ಚಿಗಳ ಬಿಗಿ ಪಟ್ಟಿಗೆ ಇದೇ ಬಳಕೆಯಾಯಿತು. ಇನ್ನು ನೂಲಿನ ನಂಬರ್. ಜರ್ಮನ್ ಕಾಗದಗಳಲ್ಲಿ ಮೆಟ್ರಿಕ್ ಲೆಕ್ಕವೂ ಇಂಗ್ಲಿಷ್ ಲೆಕ್ಕವೂ ಬರುತ್ತದೆ. ಮೆಟ್ರಿಕ್ 20 ನಂಬರ್ ನೂಲು ನಮ್ಮ ಮಿಲ್ ಲೆಕ್ಕದಲ್ಲಿ ಸುಮಾರು 12. ಅದನ್ನೇ 20 ಎಂದು ಹಿಡಿದು ನೇಯ್ದರೆ ಬಟ್ಟೆ ಜಾಳಾಗಿ ‘ಮೂಲ ಹೀಗಿರಲಾರದು’ ಎಂಬ ಸುಳ್ಳು ತೀರ್ಮಾನಕ್ಕೆ ಬರುತ್ತೀರಿ.

ಇಸವಿಗೆ ಸಿಗುವ ಸುಳಿವು, ಅದರ ಬಲೆ

ಚೀಟಿಯಲ್ಲಿ ಎಲ್ಲವೂ ಸಣ್ಣ ಅಕ್ಷರದಲ್ಲಿ (ಕ್ಯಾಪಿಟಲ್ ಇಲ್ಲದೆ) ಟೈಪ್ ಆಗಿದ್ದರೆ ಅದು 1925ರ ನಂತರದ್ದಿರಬಹುದು, ಆ ವರ್ಷದಿಂದ ಶಾಲೆ ದೊಡ್ಡ ಅಕ್ಷರಗಳನ್ನು ಕೈಬಿಡಲು ಶುರು ಮಾಡಿತು. ಆದರೆ ಹಳೆಯ ವಿದ್ಯಾರ್ಥಿಗಳು ಶಾಲೆ ಮುಚ್ಚಿದ ಮೇಲೂ ಈ ರೂಢಿ ಬಿಡಲಿಲ್ಲ. ಬೆರ್ಗರ್ ತಮ್ಮ ಬಟ್ಟೆಗೆ ಸಣ್ಣ ಅಕ್ಷರದ ‘ಓ.ಬಿ.’ ಎಂದೇ ಗುರುತು ಹಾಕಿದರು. ಹಾಗಾಗಿ ಸಣ್ಣ ಅಕ್ಷರ ಮುಂಚಿನ ಗಡಿ ಹೇಳುತ್ತದೆ, ಕೊನೆಯ ಗಡಿ ಹೇಳುವುದಿಲ್ಲ.

ನೂಲು ಇನ್ನೂ ಗಟ್ಟಿ ಸಾಕ್ಷಿ. ನೈಲಾನ್ ಮಾರುಕಟ್ಟೆಗೆ ಬಂದದ್ದು 1930ರ ದಶಕದ ಕೊನೆಗೆ, ಪಾಲಿಯೆಸ್ಟರ್ ಯುದ್ಧದ ನಂತರ. 1927 ಎಂದು ಬರೆದ ಬಟ್ಟೆಯಲ್ಲಿ ಇವು ಸಿಕ್ಕರೆ ಅದು ಮರುನೇಯ್ಗೆ ಅಥವಾ ರಿಪೇರಿಯ ಎಳೆ. ಈ ಪರೀಕ್ಷೆಯನ್ನು ಮ್ಯೂಸಿಯಂನ ಸಂರಕ್ಷಣಾ ಪ್ರಯೋಗಾಲಯದವರೇ ಮಾಡಬೇಕು, ನೀವು ವಿನಂತಿ ಬರೆಯಬೇಕು.

365 ನ್ಯಾನೊಮೀಟರಿನ ನೇರಳಾತೀತ ಟಾರ್ಚ್ ಬಗ್ಗೆ ಯಾರಾದರೂ ಹೇಳುತ್ತಾರೆ. ಬಟ್ಟೆಗೆ ಬಿಳುಪು ಕೊಡುವ ರಾಸಾಯನಿಕಗಳು 1940ರ ದಶಕದಲ್ಲಿ ಬಳಕೆಗೆ ಬಂದವು. ಆ ಬೆಳಕಿನಲ್ಲಿ ನೀಲಿಬಿಳಿಯಾಗಿ ಹೊಳೆಯುತ್ತವೆ. ಹೊಳೆದರೆ ಹೊಸ ಬಟ್ಟೆ ಎಂದು ಸೀದಾ ಹೇಳುವಂತಿಲ್ಲ. ಅವೇ ರಾಸಾಯನಿಕಗಳು ಬಟ್ಟೆ ಒಗೆಯುವ ಪುಡಿಯಲ್ಲೂ ಇವೆ. 1928ರ ಪರದೆಯನ್ನು ಯಾರೋ 1970ರಲ್ಲಿ ಮನೆಯಲ್ಲೇ ಒಗೆದಿದ್ದರೆ ಅದೂ ಹೊಳೆಯುತ್ತದೆ. ಗಮನಿಸಬೇಕಾದ್ದು ಹಂಚಿಕೆ: ಬಟ್ಟೆ ಪೂರ್ತಿ ತೆಳುವಾಗಿ ಹೊಳೆದರೆ ಒಗೆತ ಇರಬಹುದು, ಒಂದೇ ಜಾತಿಯ ಎಳೆ ಮಾತ್ರ ಪ್ರಖರವಾಗಿ ಹೊಳೆದರೆ ನೂಲೇ ಹೊಸದಿರಬಹುದು. ಟಾರ್ಚ್ ಬಳಕೆಗೂ ಅನುಮತಿ ಬೇಕು, ಅದೂ ಕೆಲವು ಸೆಕೆಂಡು.

ಬಣ್ಣದ ಮೇಲೆ ಸಿದ್ಧಾಂತ ಕಟ್ಟುವ ಮುನ್ನ ಮಡಿಕೆಯ ಒಳಗೆ, ಹೊಲಿಗೆಯ ಅಡಿಯಲ್ಲಿ ನೋಡಿ. ಮುಂಬದಿಯ ‘ಮಣ್ಣಿನ ಬಣ್ಣ’ ಅಲ್ಲಿ ಕಿತ್ತಳೆಯಾಗಿರಬಹುದು. ಹಳೆಯ ಕಪ್ಪುಬಿಳುಪು ಫೋಟೊಗಳಿಂದ ಬಣ್ಣ ಊಹಿಸುವುದಂತೂ ಇನ್ನೂ ಅಪಾಯ. ಆ ಕಾಲದ ಆರ್ಥೊಕ್ರೊಮ್ಯಾಟಿಕ್ ಗಾಜಿನ ಫಲಕಗಳಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ಪಟ್ಟಿ ಕಪ್ಪಾಗಿ, ನೀಲಿ ಪಟ್ಟಿ ಹೆಚ್ಚುಕಡಿಮೆ ಬಿಳಿಯಾಗಿ ಬೀಳುತ್ತದೆ. ‘ಕಪ್ಪುಬಿಳಿ ವಿರೋಧದ ಸೌಂದರ್ಯ’ ಎಂದು ನೀವು ಪುಟಗಟ್ಟಲೆ ಬರೆದದ್ದು ನಿಜವಾಗಿ ಕೆಂಪುನೀಲಿ ಬಟ್ಟೆಯಾಗಿರಬಹುದು.

ಮತ್ತೆ ನೇಯ್ದು ನೋಡುವುದು

ಮಗ್ಗ ಬಲ್ಲವರಾದ್ದರಿಂದ ಇದು ನಿಮಗಿರುವ ದೊಡ್ಡ ಅನುಕೂಲ. ಎರಡು ಪದರದ ಸಾದಾ ನೇಯ್ಗೆಗೆ 4 ಶಾಫ್ಟ್ (ಹಾಸಿನ ಎಳೆಗಳನ್ನು ಎತ್ತುವ ಚೌಕಟ್ಟು) ಸಾಕು. ಪದರಗಳು ಎರಡು ಭಾಗಗಳಲ್ಲಿ ಪ್ರತ್ಯೇಕವಾಗಿ ಅದಲುಬದಲಾಗಬೇಕಾದರೆ 8. ಮೂರು ಪದರಕ್ಕೆ ಇದೇ ಲೆಕ್ಕ 6 ಮತ್ತು 12.

ಲೆಕ್ಕವನ್ನೊಮ್ಮೆ ಹಾಕಿಬಿಡೋಣ. ಎರಡು ಪದರ, ಸಿದ್ಧ ಬಟ್ಟೆಯಲ್ಲಿ ಪದರವೊಂದಕ್ಕೆ ಸೆಂಟಿಮೀಟರಿಗೆ 12 ಎಳೆ, ಪನ್ನ 25 ಸೆಂ.ಮೀ. ಒಟ್ಟು ಹಾಸು 600 ಎಳೆ. ಶೇಕಡಾ 8ರಷ್ಟು ಒಳಕ್ಕೆ ಸೆಳೆಯುತ್ತದೆ ಎಂದು ಹಿಡಿದರೆ ಹಣಿಗೆಯಲ್ಲಿ ಸುಮಾರು 27 ಸೆಂ.ಮೀ ಅಗಲ. ಇಂಚಿಗೆ 14 ಸಂದಿ, ಅಂದರೆ ನಮ್ಮಲ್ಲಿ ಎರಡು ಇಂಚಿಗೆ ಎಣಿಸುವ ಲೆಕ್ಕದ 28ರ ಹಣಿಗೆ, ಸಂದಿಗೆ 4 ಎಳೆ, ಪ್ರತಿ ಪದರದಿಂದ ಎರಡೆರಡು. ತಲಾ 40 ಸೆಂ.ಮೀ.ನ ಮೂರು ತುಣುಕಿಗೆ ಮಗ್ಗದ ವ್ಯರ್ಥ ಸೇರಿ ಹಾಸಿನ ಉದ್ದ 2.25 ಮೀಟರ್. 2/20ರ (20 ನಂಬರಿನ ಎರಡು ಎಳೆ ಕೂಡಿಸಿ ಹುರಿ ಹಾಕಿದ) ಹತ್ತಿ ನೂಲು ಹಾಸು ಹೊಕ್ಕು ಕೂಡಿ ಸುಮಾರು 130 ಗ್ರಾಂ, ಕಡಿತಕ್ಕೆಂದು 200 ಗ್ರಾಂ ತನ್ನಿ. ಎರಡೂ ಪದರದ ಹಾಸಿನ ಬಿಗಿ ಒಂದೇ ಇರಲಿ. ಒಂದು ಸಡಿಲವಾದರೆ ಹಿಂಬದಿಯ ಬಣ್ಣ ಮುಂದಕ್ಕೆ ಚುಕ್ಕಿಚುಕ್ಕಿಯಾಗಿ ಇಣುಕುತ್ತದೆ. ಮೂಲದಲ್ಲೂ ಅಂಥ ಚುಕ್ಕಿ ಕಂಡರೆ ಅದು ವಿನ್ಯಾಸವೋ ಬಿಗಿಯ ತಪ್ಪೋ ಎಂದು ಗುರುತಿಸಲು ನಿಮ್ಮ ಈ ತುಣುಕೇ ಅಳತೆಗೋಲು.

ಸೆಲೊಫೇನ್ ಎಂದು ಅಂಗಡಿಯಲ್ಲಿ ಕೊಡುವ ಉಡುಗೊರೆ ಹಾಳೆ ಇಂದು ಬಹುಪಾಲು ಪಾಲಿಪ್ರೊಪಿಲೀನ್. ಚೂರು ಸುಟ್ಟು ನೋಡಿ: ನಿಜವಾದ ಸೆಲೊಫೇನ್ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪ್ಲಾಸ್ಟಿಕ್ ಕರಗಿ ಮಣಿಯಾಗುತ್ತದೆ. ಬೆಳಕು ಪ್ರತಿಫಲಿಸುವ ರೀತಿಯೂ ಬೇರೆ, ಹಾಗಾಗಿ ಬೆರ್ನೌ ಬಟ್ಟೆಯ ಪ್ರಯೋಗಕ್ಕೆ ಬದಲಿ ನಡೆಯದು.

ಭಾರತದ ನಂಟು

ಮಾರ್ಗದರ್ಶಕರು ಕೇಳೇ ಕೇಳುತ್ತಾರೆ. 1922ರ ಡಿಸೆಂಬರಿನಲ್ಲಿ ಕಲ್ಕತ್ತದಲ್ಲಿ ಬೌಹೌಸ್ ಕಲಾವಿದರ ಪ್ರದರ್ಶನ ನಡೆದದ್ದು ನಿಜ, ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಷ್ ಅದಕ್ಕೆ ಕೊಂಡಿಯಾಗಿದ್ದರು. ಅಲ್ಲಿಗೆ ಬಂದದ್ದು ಕ್ಲೇ, ಕಾಂಡಿನ್ಸ್ಕಿ, ಇಟ್ಟೆನ್ ಮೊದಲಾದವರ ಜಲವರ್ಣ, ರೇಖಾಚಿತ್ರ, ಮುದ್ರಣಗಳು. ಅದನ್ನು ನೇಯ್ಗೆಯ ನಂಟೆಂದು ಎಳೆದರೆ ಪರೀಕ್ಷಕರ ಮುಂದೆ ನಿಲ್ಲದು. ಆಲ್ಬರ್ಸ್ ಅವರ ಹೊರಗಿನ ಪ್ರೇರಣೆ ಬೇಕಿದ್ದರೆ ಪೆರುವಿನ ಪ್ರಾಚೀನ ಬಟ್ಟೆಗಳ ಕಡೆ ನೋಡಿ.

ಚಿತ್ರಗಳ ಹಕ್ಕು

ಅಭ್ಯಾಸಕ್ಕೆ ಫೋಟೊ ತೆಗೆಯುವ ಅನುಮತಿ ಬೇರೆ, ಪ್ರಕಟಿಸುವ ಅನುಮತಿ ಬೇರೆ. ಜರ್ಮನಿಯಲ್ಲಿ ಕೃತಿಸ್ವಾಮ್ಯ ಉಳಿಯುವುದು ಕೃತಿಕಾರರು ತೀರಿಕೊಂಡ ವರ್ಷದಿಂದ 70 ವರ್ಷ. ಷ್ಟೋಲ್ಟ್ಸಲ್ ತೀರಿಕೊಂಡದ್ದು 1983, ಅಂದರೆ 2053ರ ಕೊನೆಯವರೆಗೆ. ಆಲ್ಬರ್ಸ್ 1994, ಅಂದರೆ 2064ರವರೆಗೆ. ಬೆರ್ಗರ್ ಅವರಿಗೆ ಯಹೂದಿ ಎಂಬ ಕಾರಣಕ್ಕೆ 1936ರಲ್ಲಿ ವೃತ್ತಿ ನಿಷೇಧವಾಯಿತು. ಇಂಗ್ಲೆಂಡಿಗೆ ಹೋದವರು ಕಾಯಿಲೆಯ ತಾಯಿಯನ್ನು ನೋಡಲು ಊರಿಗೆ ಮರಳಿ ಅಲ್ಲೇ ಸಿಕ್ಕಿಬಿದ್ದರು. 1944ರಲ್ಲಿ ಆಷ್‌ವಿಟ್ಸ್‌ನಲ್ಲಿ ಅವರ ಹತ್ಯೆಯಾಯಿತು. ಅವರ ವಿನ್ಯಾಸಗಳು 2015ರಿಂದ ಮುಕ್ತ. ಆದರೆ ಮ್ಯೂಸಿಯಂ ತೆಗೆಸಿದ ಫೋಟೊವನ್ನು ಬಳಸುವ ಷರತ್ತನ್ನು ಮ್ಯೂಸಿಯಂನವರಿಂದ ಬರಹದಲ್ಲೇ ಪಡೆಯಿರಿ. ಎಳೆ ಎಣಿಸಿ ನೀವೇ ಬಿಡಿಸಿದ ಗ್ರಾಫ್ ನಿಮ್ಮ ಸ್ವಂತ ಕೆಲಸ. ಪ್ರಬಂಧದಲ್ಲಿ ಚಿತ್ರಕ್ಕಿಂತ ಅಂಥ ಗ್ರಾಫ್‌ಗಳೇ ಹೆಚ್ಚಿರಲಿ, ಓದುವ ನೇಕಾರರಿಗೂ ಅವೇ ಉಪಯೋಗಕ್ಕೆ ಬರುತ್ತವೆ.